ವಾರ್ಮ್ ವೆಲ್‌ಕಮ್, ವಾಡಿ ಜಂಕ್ಷನ್

ಏಪ್ರಿಲ್ ಹತ್ತಿರ ಬಂತೆಂದರೆ ಸರ್ಕಾರಕ್ಕೆ ನಮ್ಮ ಮೇಲೆ ಕರುಣೆ ಹುಟ್ಟುತ್ತದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ಎರಡು ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ಎಂದು ಆದೇಶ ಹೊರಡುತ್ತದೆ. ನೌಕರರು ಬಿಸಿಲಿಗೆ ಬಳಲಬಾರದು ಎಂಬುದು ಉದ್ದೇಶ. ಅದರಂತೆ ದಿನದ ತಂಪು ಹೊತ್ತನ್ನೆಲ್ಲ ಕಚೇರಿಗೆ ಕೊಟ್ಟು, ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಕೂತ ಮೇಲೆ ನಮ್ಮನ್ನು ಬೀದಿಗೆ ಬಿಡುತ್ತಾರೆ. ಇದರಿಂದ ಕಚೇರಿಗೆ ಲಾಭವೋ ನಷ್ಟವೋ ನಾನು ಹೇಳಲಾರೆ. ನಾನಿದ್ದರೂ ಇಲ್ಲದಿದ್ದರೂ ಕಡತಗಳು ಒಂದೇ ವೇಗದಲ್ಲಿ ಸಾಗುತ್ತವೆ. ಆದರೆ ನನ್ನ ಹೆಂಡತಿಗೆ ಆಗುವ ನಷ್ಟಕ್ಕೆ ಪರಿಹಾರದ ಕಲಮು ಆ ಆದೇಶದಲ್ಲಿ ಇಲ್ಲ. ಎರಡೂವರೆಯ ಹೊತ್ತಿಗೆ ನಾನು ಮನೆ ಸೇರುತ್ತೇನೆ. ಸೇರಿದ ಮೇಲೆ ಮಾತಾಡುತ್ತೇನೆ.

ನಮ್ಮದು ಪೂರ್ತಿ ಬಿಸಿಲಿನ ಸಂಸಾರ. ನಾನು ಹುಟ್ಟಿದ್ದು ಶಹಾಬಾದಿನಲ್ಲಿ, ನೌಕರಿ ಚಿತ್ತಾಪುರದಲ್ಲಿ, ಮನೆ ವಾಡಿಯಲ್ಲಿ. ಹೆಂಡತಿಯ ತವರು ಸೇಡಂ. ತಂಗಿಯನ್ನು ಕೊಟ್ಟಿದ್ದು ಚಿಂಚೋಳಿಗೆ. ಬೇರೆ ಕಡೆಯ ಜನ ಬೇಸಿಗೆಗೆ ತಂಪು ಹುಡುಕಿಕೊಂಡು ನಂಟರ ಮನೆಗೆ ಹೋಗುತ್ತಾರಂತೆ. ನಮ್ಮ ಬಳಗದಲ್ಲಿ ಯಾರ ಮನೆಗೆ ಹೋದರೂ ಹೆಚ್ಚೆಂದರೆ ಒಂದು ಡಿಗ್ರಿ ಆಚೀಚೆ. ನೆಲದಡಿ ಸುಣ್ಣದ ಕಲ್ಲು, ನೆಲಕ್ಕೆ ಶಹಾಬಾದ್ ಪರ್ಸಿ, ಕಂಪೌಂಡಿಗೆ ಪರ್ಸಿ, ಹಳೆಯ ಮನೆಗಳಲ್ಲಿ ಮಾಳಗಿಗೂ ಪರ್ಸಿ. ಹಗಲೆಲ್ಲ ಪಡೆದ ಬಿಸಿಲನ್ನು ಈ ಕಲ್ಲು ರಾತ್ರಿ ಬಡ್ಡಿ ಸಮೇತ ತೀರಿಸುತ್ತದೆ. ಕತ್ತಲಾದ ಮೇಲೂ ಮಾಳಗಿಗೆ ಕೊಡ ನೀರು ಹೊಯ್ದರೆ ಚರ್ ಎನ್ನುತ್ತದೆ, ಹಬೆ ಏಳುತ್ತದೆ. ಅದರ ಮೇಲೆ ಚಾಪೆ ಹಾಸಿ ಮಲಗಿ ನಾವು ನಕ್ಷತ್ರ ನೋಡುತ್ತೇವೆ. ನಿದ್ದೆ ಬಾರದವರೆಲ್ಲ ಖಗೋಳ ಶಾಸ್ತ್ರಜ್ಞರಾಗುವುದಾದರೆ ವಾಡಿಯಲ್ಲಿ ಮನೆಗೊಬ್ಬ ಇರುತ್ತಿದ್ದ.

ಇಂಥ ಮನೆಗೆ ಈ ಸಲ ಬೇಸಿಗೆ ರಜೆಯಲ್ಲಿ ಇಂಗ್ಲಿಷು ಬಂತು. ಏಳನೇ ಕ್ಲಾಸಿನ ಮಗಳಿಗೆ ಶಾಲೆಯವರು ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ವಿಷಯ: ‘ಸಮರ್ ಈಡಿಯಮ್ಸ್’. ಬೇಸಿಗೆ, ಬಿಸಿಲು, ಬೆಚ್ಚಗಿನ ದಿನಗಳ ಆಟಪಾಟಕ್ಕೆ ಸೇರಿದ ಇಂಗ್ಲಿಷ್ ನುಡಿಗಟ್ಟುಗಳನ್ನು ಕೂಡಿಸಬೇಕು. ಕೂಡಿಸಿದರಾಗಲಿಲ್ಲ, ಮನೆಮಂದಿಯ ಜೊತೆ ಬಳಸಬೇಕು. ಬಳಸಿದರಾಗಲಿಲ್ಲ, ಬಳಸಿದ್ದಕ್ಕೆ ಫೋಟೋ ಅಂಟಿಸಬೇಕು. ಕೆಳಗೆ ಪಾಲಕರ ಸಹಿ.

ನಾನು ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷ್ ಓದಿದವನು. ಓದಿದ್ದಕ್ಕೆ ಪುರಾವೆ ಅಂಕಪಟ್ಟಿಯಲ್ಲಿದೆ, ಬೇರೆಲ್ಲೂ ಕಂಡಿಲ್ಲ ಎಂಬುದು ಹೆಂಡತಿಯ ಅಭಿಪ್ರಾಯ. ಪ್ರಾಜೆಕ್ಟಿನ ಕಾಗದ ನೋಡಿದ್ದೇ ನನ್ನೊಳಗಿನ ಪದವೀಧರ ಎದ್ದು ಕೂತ. “ಇನ್ನ ಮ್ಯಾಲ ಈ ಮನ್ಯಾಗ ಎಲ್ಲರೂ ಈಡಿಯಮ್‌ದಾಗ ಮಾತಾಡ್ಬೇಕು” ಎಂದು ಘೋಷಿಸಿದೆ. ಅವ್ವ ಜೋಳ ಹಸನು ಮಾಡುತ್ತ ಕೂತಿದ್ದವಳು ತಲೆ ಎತ್ತದೆ ಕೇಳಿದಳು: “ಅದ್ಯಾವ ಊರ ರೋಗ ತಮ್ಮಾ?”

ಮೊದಲ ಪ್ರಯೋಗಕ್ಕೆ ಸಿಕ್ಕವನು ಹೆಂಡತಿಯ ತಮ್ಮ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಅಲ್ಲಿ 36 ದಾಟಿದರೆ ಟಿವಿಯವರಿಗೆ ಬೇರೆ ಸುದ್ದಿಯೇ ಬೇಡ. ಅವನು ಮೇ ತಿಂಗಳ ಮಟಮಟ ಮಧ್ಯಾಹ್ನ ವಾಡಿ ಜಂಕ್ಷನ್ನಿನಲ್ಲಿ ಇಳಿದ. ನಮ್ಮ ವಾಡಿಯನ್ನು ಹಗುರಾಗಿ ತಿಳಿಯಬೇಡಿ. ಮುಂಬೈ–ಚೆನ್ನೈ ದಾರಿಯಿಂದ ಸಿಕಂದರಾಬಾದಿನ ಕಡೆ ಹಳಿ ಕವಲೊಡೆಯುವುದು ಇಲ್ಲೇ. 1874ರಲ್ಲಿ ನಿಜಾಮರ ರೈಲುದಾರಿ ತೆರೆದದ್ದು ಇಲ್ಲಿಂದಲೇ. ಅಂದಿನಿಂದ ಇಂದಿನವರೆಗೂ ಬೇಸಿಗೆಯಲ್ಲಿ ಇಲ್ಲಿ ಇಳಿದವರು ಮೊದಲು ಹುಡುಕುವುದು ನೆರಳನ್ನು, ಆಮೇಲೆ ಸಾಮಾನನ್ನು.

ನಾನು ನೆರಳಿನ ಆಚೆ, ಬಿಸಿಲಲ್ಲೇ ನಿಂತು ಎರಡೂ ಕೈ ಚಾಚಿ ಅವನನ್ನು ತಬ್ಬಿಕೊಂಡೆ. “ವಾರ್ಮ್ ವೆಲ್‌ಕಮ್ ಟು ವಾಡಿ!” ಮಗಳು ಫೋಟೋ ಹೊಡೆದಳು. ಬೆವರಿದ ಇಬ್ಬರು ಗಂಡಸರು ಆ ಹೊತ್ತಿನಲ್ಲಿ ತಬ್ಬಿಕೊಂಡರೆ ಬಿಡಿಸುವುದಕ್ಕೆ ಸ್ವಲ್ಪ ಸಮಯ ಬೇಕಾಗುತ್ತದೆ. “ಮಾಮಾ, ವಾರ್ಮ್ ಸಾಕ್ರಿ. ನೀರಡಿಕಿ ಆಗ್ಯಾದ” ಎಂದ.

ಮನೆಗೆ ಬಂದವನು ಮುಖ ತೊಳೆಯಲು ಬಚ್ಚಲಿಗೆ ಹೋಗಿ ನಳ ತಿರುವಿದ. ಮಾಳಗಿ ಮೇಲಿನ ಕರಿ ಟ್ಯಾಂಕಿನ ನೀರು ಮಧ್ಯಾಹ್ನ ಎರಡರ ನಂತರ ಹೇಗಿರುತ್ತದೆಂದು ಅವನು ಮರೆತಿದ್ದ. ನಾವು ಬೇಸಿಗೆಯಲ್ಲಿ ಸ್ನಾನದ ನೀರನ್ನು ಹಿಂದಿನ ರಾತ್ರಿಯೇ ಹರವಿಯಲ್ಲಿ ತುಂಬಿ ಆರಲು ಬಿಡುವವರು. ಒಲೆ ಹಚ್ಚದೆ ನೀರು ಕಾಯುವ ಈ ಸೌಕರ್ಯ ಬೆಂಗಳೂರಿನಲ್ಲಿಲ್ಲ. ಒಳಗಿನಿಂದ ಬಂದ ಕೂಗಿಗೆ ಅವ್ವನ ಕೈಯ ಮೊರ ಬಿತ್ತು.

ಹೆಂಡತಿ ನನ್ನನ್ನು ನೋಡದೆ, ಆದರೆ ನನಗೇ ಕೇಳುವಂತೆ ಅಂದಳು: “ಬಂದ ಮನಿಷ್ಯಾಗ ಬೆಲ್ಲ ನೀರ್ ಕೊಡಾದ ಬಿಟ್ಟು ಇಂಗ್ಲಿಷ್ ಕೊಡ್ಲತ್ತಾರ.” ಗಡಗಿಯ ತಣ್ಣೀರು, ಒಂದು ಚೂರು ಬೆಲ್ಲ ಕೊಟ್ಟಳು. ಅವನು ಕುಡಿದು ಕಣ್ಣು ಮುಚ್ಚಿ “ಅಕ್ಕಾ, ಈಗ ಜೀವ ತಣ್ಣಗಾಯ್ತು” ಎಂದ. ಅವ್ವ “ಸದಾ ತಣ್ಣಗಿರು ಯಪ್ಪಾ” ಎಂದು ಹರಸಿದಳು. ನಾನು ಮಗಳ ಕಡೆ ತಿರುಗಿ, ಇಂಗ್ಲಿಷಿನಲ್ಲಿ ಪ್ರೀತಿಯೆಲ್ಲ ಬಿಸಿ, ಉದಾಸೀನವೆಲ್ಲ ತಣ್ಣಗೆ, ಅದಕ್ಕೇ ಬೇಡವಾದವರಿಗೆ ‘ಕೋಲ್ಡ್ ಶೋಲ್ಡರ್’ ಕೊಡುತ್ತಾರೆ ಎಂದು ವಿವರಿಸಿದೆ. ಮೈದುನ ಕುತ್ತಿಗೆಗೆ ಒದ್ದೆ ಟಾವೆಲ್ ಸುತ್ತಿಕೊಳ್ಳುತ್ತ, “ಮಾಮಾ, ನಂಗ ಅದನ್ನೇ ಕೊಡ್ರಿ” ಎಂದ.

ಆ ರಾತ್ರಿ ಮಾಳಗಿಯ ಮೇಲೆ ಅವನು ಫೋನು ತೆಗೆದು ಇಂಗ್ಲೆಂಡಿನ ಕತೆ ಹೇಳಿದ. 2022ರ ಜುಲೈ 19ರಂದು ಅಲ್ಲಿ ಲಿಂಕನ್‌ಷೈರಿನ ಕಾನಿಂಗ್ಸ್‌ಬಿ ಎಂಬ ಊರಲ್ಲಿ 40.3 ಡಿಗ್ರಿ ದಾಖಲಾಯಿತು. ಆ ದೇಶದಲ್ಲಿ ಬಿಸಿಲು 40 ಮುಟ್ಟಿದ್ದು ಅದೇ ಮೊದಲು. ಹವಾಮಾನ ಇಲಾಖೆ ಬಿಸಿಲಿಗಾಗಿ ಹಿಂದೆಂದೂ ಕೊಡದ ಕೆಂಪು ಎಚ್ಚರಿಕೆ ಕೊಟ್ಟಿತ್ತು. ರೈಲುಗಳ ವೇಗ ತಗ್ಗಿಸಿ, ತೀರ ಅಗತ್ಯವಿಲ್ಲದಿದ್ದರೆ ಪ್ರಯಾಣವೇ ಬೇಡ ಎಂದರು. ಲ್ಯೂಟನ್ ವಿಮಾನ ನಿಲ್ದಾಣದ ರನ್‌ವೇ ಒಂದು ಕಡೆ ಮೆತ್ತಗಾಗಿ ಉಬ್ಬಿತು. ಲಂಡನ್ನಿನ ಒಂದು ಹಳೇ ಸೇತುವೆಯ ಸರಪಳಿಗಳಿಗೆ ಬಿಸಿಲು ತಾಗದಂತೆ ಬೆಳ್ಳಿಬಣ್ಣದ ಹಾಳೆ ಸುತ್ತಿದರು.

“ನಲ್ವತ್ತಕ್ಕ?” ಎಂದಳು ಹೆಂಡತಿ. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಂದು ಮಧ್ಯಾಹ್ನ ನಮ್ಮಲ್ಲಿ 44 ಇತ್ತು. ಅವಳು ಎರಡು ಒಲೆ ಹಚ್ಚಿ ಮನೆಮಂದಿಗೆಲ್ಲ ರೊಟ್ಟಿ ಬಡಿದಿದ್ದಳು. ಅವಳಿಗೆ ಯಾರೂ ಬೆಳ್ಳಿ ಹಾಳೆ ಸುತ್ತಿರಲಿಲ್ಲ. ಅಡುಗೆಮನೆಯ ಕಾವು ತಾಳದವರು ಹೊರಗೆ ಹೋಗಲಿ ಎಂಬ ಅರ್ಥದ ಇಂಗ್ಲಿಷ್ ಗಾದೆಯೊಂದು ನನ್ನ ಬಾಯ ತುದಿಗೆ ಬಂದಿತ್ತು. ಅಮೆರಿಕದ ಅಧ್ಯಕ್ಷ ಟ್ರೂಮನ್ ಬಳಸಿ ಬಳಸಿ ಹೆಸರಾಗಿಸಿದ ಮಾತದು. ಆತ ಹೇಳಿದ್ದು ರಾಜಕಾರಣಿಗಳಿಗೆ, ರೊಟ್ಟಿ ಬಡಿಯುವವರಿಗಲ್ಲ ಎಂಬುದು ಸರಿಯಾದ ಹೊತ್ತಿಗೆ ನೆನಪಾಗಿ ನುಂಗಿಕೊಂಡೆ. ನಾನಿನ್ನೂ ಆ ಮನೆಯಲ್ಲಿ ಊಟ ಮಾಡುತ್ತಿರುವುದಕ್ಕೆ ಈ ಸಂಯಮವೇ ಕಾರಣ.

ಇಂಗ್ಲಿಷರಿಗೆ ನಮ್ಮ ಬಿಸಿಲು ಗೊತ್ತಿರಲಿಲ್ಲ ಅಂತಲೂ ಅಲ್ಲ. ‘ಕನ್ಫೆಷನ್ಸ್ ಆಫ್ ಎ ಥಗ್’ ಬರೆದ ಫಿಲಿಪ್ ಮೆಡೋಸ್ ಟೇಲರ್ 1840ರ ದಶಕದಲ್ಲಿ ಪಕ್ಕದ ಸುರಪುರದಲ್ಲಿ ಆಡಳಿತ ನೋಡಿಕೊಂಡವನು. ಅವನ ಬಂಗಲೆ ‘ಟೇಲರ್ ಮಂಜಿಲ್’ ಈಗಲೂ ಗುಡ್ಡದ ಮೇಲಿದೆ. ಗುಡ್ಡದ ಮೇಲೇಕೆ ಕಟ್ಟಿಸಿದ ಎಂದು ನಮ್ಮ ಕಡೆ ಒಂದು ಮೇ ತಿಂಗಳು ಕಳೆದವರಾರೂ ಕೇಳುವುದಿಲ್ಲ.

ಮರುದಿನ ಮಾಳಗಿಯ ಮೇಲೆ ಸಂಡಿಗಿ ಕಾರ್ಯಕ್ರಮ. ಅವ್ವ, ಹೆಂಡತಿ, ಪಕ್ಕದ ಮನೆಯ ಇಬ್ಬರು ಹೆಂಗಸರು ನಸುಕಿನಲ್ಲೇ ಎದ್ದು ಹಳೇ ಧೋತರದ ಮೇಲೆ ಸಂಡಿಗಿ, ಕುರಡಗಿ ಹಾಕಿ ಮುಗಿಸಿದ್ದರು. ಕಾಗೆ ಕಾಯುವ ಹುದ್ದೆ ಖಾಲಿ ಇತ್ತು. ಭಾನುವಾರವಾದ್ದರಿಂದ ಅರ್ಹ ಅಭ್ಯರ್ಥಿ ಮನೆಯಲ್ಲೇ ಸಿಕ್ಕ. ಒಂದು ಕರಿ ಕೊಡೆ, ಒಂದು ಕೋಲು, ತಲೆಗೆ ಒದ್ದೆ ದಸ್ತಿ, ಜೇಬಿನಲ್ಲಿ ಬಿಸಿಲು ಬಡಿಯದಿರಲೆಂದು ಅವ್ವ ಇಟ್ಟ ಉಳ್ಳಾಗಡ್ಡಿ. ಇಷ್ಟು ಸಜ್ಜಾಗಿ ಕೂತವನಿಗೆ ‘ಮೇಕ್ ಹೇ ವೈಲ್ ದ ಸನ್ ಶೈನ್ಸ್’ ನೆನಪಾಗದಿದ್ದರೆ ಐಚ್ಛಿಕ ಇಂಗ್ಲಿಷಿಗೆ ಅವಮಾನ. ಬಿಸಿಲಿರುವಾಗಲೇ ಹುಲ್ಲು ಒಣಗಿಸಿಕೋ. 1546ರಲ್ಲಿ ಜಾನ್ ಹೇವುಡ್ ಎಂಬಾತ ಕೂಡಿಸಿದ ಗಾದೆಗಳ ಪುಸ್ತಕದಲ್ಲೇ ಈ ಮಾತಿದೆ ಎಂದು ಮಾಳಗಿಯಿಂದಲೇ ಕೆಳಗಿನವರಿಗೆ ಕೂಗಿ ಹೇಳಿದೆ.

ಅವ್ವ ಮೆಟ್ಟಿಲ ಹತ್ತಿರ ಬಂದು ಕೇಳಿಸಿಕೊಂಡಳು. ಅವಳು ಹುಟ್ಟೂರಿನಲ್ಲಿ ಕಣಕಿ ಬಣವಿಗಳ ನಡುವೆ ಬೆಳೆದವಳು. “ಹುಲ್ ಒಣಗ್ಸಾಕ ಬಿಸಿಲಿಗಿ ಕಾಯ್ತಾರೇನು? ಬಿಸಿಲ ಎಲ್ಲಿಗಿ ಹೋಗ್ತದ, ಇಲ್ಲೇ ಬಿದ್ದಿರ್ತದ. ಕಾಯಾದು ಗಾಳಿಗಿ. ಗಾಳಿ ಬಂದಾಗ ತೂರ್ಕೋಬೇಕು.” ರಾಶಿ ಮಾಡಿದವರಿಗೆ ಗೊತ್ತು: ಜೋಳ ಹೊಟ್ಟಿನಿಂದ ಬೇರೆಯಾಗುವುದು ಗಾಳಿಯಿಂದ. ಯಾವ ಊರಲ್ಲಿ ಯಾವುದು ಅಪರೂಪವೋ ಆ ಊರಿನ ಗಾದೆಗೆ ಅದೇ ಬೇಕು. ಇಷ್ಟು ಒಳ್ಳೆಯ ವಿಚಾರ ಹೊಳೆದ ಸಂತೋಷದಲ್ಲಿ ನಾನು ಕಣ್ಣು ಮುಚ್ಚಿ ಅದನ್ನು ಸ್ವಲ್ಪ ಹೊತ್ತು ಅನುಭವಿಸಿದೆ. ಅಷ್ಟು ಹೊತ್ತಿನಲ್ಲಿ ಎರಡು ಕಾಗೆ ಬಂದು ಒಂದು ಸಾಲು ಸಂಡಿಗಿ ಮುಗಿಸಿದವು. ಅವು ಹಾರಿದ ಮೇಲೆ ಗಾಳಿ ಬಂತು. ಕೊಡೆ ಹಾರಿ ಪಕ್ಕದ ಮನೆಯ ಹುಣಸೆಮರಕ್ಕೆ ಹೋಯಿತು. ಮಗಳು ನನ್ನ ಫೋಟೋದ ಕೆಳಗೆ ಬರೆದದ್ದು: ‘ಮೇಕ್ ಸಂಡಿಗಿ ವೈಲ್ ಪಪ್ಪಾ ಸ್ಲೀಪ್ಸ್’.

ಇನ್ನು ಹಕ್ಕಿಯ ಮಾತು. ಒಂದು ಸ್ವಾಲೋ ಬಂದಾಕ್ಷಣ ಬೇಸಿಗೆ ಬಂತೆಂದು ತಿಳಿಯಬೇಡ ಎನ್ನುತ್ತದೆ ಇಂಗ್ಲಿಷ್ ಗಾದೆ. ಮೂಲದಲ್ಲಿ ಇದು ಅರಿಸ್ಟಾಟಲ್ ಎತ್ತಿಕೊಂಡ ಮಾತು, ಅಲ್ಲಿ ವಸಂತ ಎಂದಿತ್ತು. ಇಂಗ್ಲಿಷರು ತಮ್ಮ ಅನುಕೂಲಕ್ಕೆ ಬೇಸಿಗೆ ಮಾಡಿಕೊಂಡರು. ಕವಲು ಬಾಲದ ಆ ಹಕ್ಕಿ ನಮ್ಮ ದೇಶಕ್ಕೂ ಬರುತ್ತದೆ. ಆದರೆ ಚಳಿಗಾಲ ಕಳೆಯುವುದಕ್ಕೆ. ಇಲ್ಲಿ ಬಿಸಿಲು ಏರುವ ಹೊತ್ತಿಗೆ ಅದು ಉತ್ತರಕ್ಕೆ ಹೊರಟಿರುತ್ತದೆ. ಪ್ರಾಜೆಕ್ಟಿಗೆ ಅದರ ಫೋಟೋ ಬೇಕೆಂದು ಮಗಳು ಹಟ ಹಿಡಿದಾಗ ತಂತಿಯ ಮೇಲೆ ಕೂತ ಪಾರಿವಾಳ ತೋರಿಸಿ ಸಮಾಧಾನ ಮಾಡಿದೆವು. ಮೇ ತಿಂಗಳಲ್ಲಿ ವಾಡಿಯಲ್ಲಿ ಉಳಿಯುವುದು ಪಾರಿವಾಳ, ಕಾಗೆ ಮತ್ತು ಸರ್ಕಾರಿ ನೌಕರ.

ಪಟ್ಟಿಯಲ್ಲಿ ‘ಎ ವಾಕ್ ಇನ್ ದ ಪಾರ್ಕ್’ ಇತ್ತು, ‘ನೋ ಪಿಕ್ನಿಕ್’ ಇತ್ತು. ಮೊದಲನೆಯದೆಂದರೆ ಬಲು ಸುಲಭದ ಕೆಲಸ, ಎರಡನೆಯದೆಂದರೆ ಸುಲಭವಲ್ಲದ್ದು. ಎರಡನ್ನೂ ಒಂದೇ ಖರ್ಚಿನಲ್ಲಿ ಮುಗಿಸೋಣವೆಂದು ಎಲ್ಲರನ್ನೂ ಚಿಂಚೋಳಿಗೆ ಹೊರಡಿಸಿದೆ. ತಂಗಿಯ ಮನೆ ಇದೆ, ಚಂದ್ರಂಪಳ್ಳಿ ಜಲಾಶಯ ಇದೆ, ಕಾಡಿದೆ. 2011ರಲ್ಲಿ ವನ್ಯಜೀವಿ ಧಾಮ ಎಂದು ಘೋಷಿಸಿದ ಕಾಡು. ದಕ್ಷಿಣ ಭಾರತದ ಒಣಭೂಮಿಯ ವನ್ಯಧಾಮ ಎಂದು ಹೆಸರು. ಆ ‘ಒಣ’ ಎಂಬುದರ ಕಡೆ ನಾನು ಇನ್ನಷ್ಟು ಗಮನ ಕೊಡಬಹುದಿತ್ತು. ಎಲೆ ಉದುರಿಸುವ ಮರಗಳ ಕಾಡದು. ಸಾಗವಾನಿ ಮರಗಳು ಬೇಸಿಗೆಗೆ ಬುದ್ಧಿವಂತಿಕೆಯಿಂದ ಎಲೆಯೆಲ್ಲ ಕಳಚಿ ಹಗುರಾಗಿ ನಿಂತಿದ್ದವು. ನಾವು ತಲೆಯಿಂದ ಕಾಲಿನವರೆಗೆ ಸುತ್ತಿಕೊಂಡು, ಕೈಯಲ್ಲಿ ಬುತ್ತಿ ಹಿಡಿದು, ನೆರಳಿಲ್ಲದ ಕಾಡಿನಲ್ಲಿ ನೆರಳಿಗಾಗಿ ಜಗಳಾಡಿದೆವು. ಎತ್ತಿಪೋತ ಜಲಪಾತ ನೋಡೋಣವೆಂದು ಮೈದುನ ಅಂದ. ತಂಗಿಯ ಗಂಡ ಮೆಲ್ಲಗೆ, “ಅದು ಮಳಿಗಾಲದ ಜಲಪಾತ ರೀ. ಈಗ ಹೋದ್ರ ಬರೇ ಪಾತ ಸಿಗ್ತದ” ಎಂದರು.

ಬುತ್ತಿ ಬಿಚ್ಚಿದೆವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಝುಣಕ, ಮೊಸರು. ಮೊಸರು ದಾರಿಯಲ್ಲೇ ಹುಳಿಯಾಗಿ ತನ್ನ ಜನ್ಮ ಮುಗಿಸಿತ್ತು. ಅವ್ವ ಒಂದು ಬಂಡೆಗೆ ಕೂರಲು ಹೋಗಿ, ಮುಟ್ಟಿ ನೋಡಿ, ನಿಂತೇ ಉಂಡಳು. ಉಂಡ ಮೇಲೆ ತೀರ್ಪು ಕೊಟ್ಟಳು: “ಹೊಲಕ ಹೋಗಿ ಉಣ್ಣಾದು ಎಳ್ಳಮವಾಸಿಗಿ ತಮ್ಮಾ. ಬ್ಯಾಸಗ್ಯಾಗ ಮನಿ ಬಿಟ್ಟು ಹೊರಗ ಉಣ್ಣಾಕ ನಮಗೇನ ಹುಚ್ಚೇನು?”

ಅವಳ ಮಾತನ್ನು ನಾನು ಇವತ್ತಿಗೂ ಅಲ್ಲಗಳೆಯಲಾರೆ. ನಮ್ಮ ಪಿಕ್ನಿಕ್ಕು ಚಳಿಗಾಲದ್ದು. ಎಳ್ಳ ಅಮವಾಸಿಯ ದಿನ ಬಂಡಿ, ಟ್ರ್ಯಾಕ್ಟರ್, ಜೀಪು ತುಂಬಿ ಜನ ಹೊಲಕ್ಕೆ ಹೋಗುತ್ತಾರೆ. ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸಿ, ಆಮೇಲೆ ಸಾಲಾಗಿ ಕೂತು ಸಜ್ಜಿ ರೊಟ್ಟಿ, ಕಡುಬು, ಹಸಿ ಕಾಳು ಕಾಯಿಪಲ್ಲೆ ಎಲ್ಲ ಹಾಕಿ ಕುದಿಸಿದ ಭಜ್ಜಿ ಉಣ್ಣುತ್ತಾರೆ. ಆಗ ಬಿಸಿಲು ನಂಟರ ಹಾಗೆ ಇರುತ್ತದೆ, ಬಂದು ಹೊತ್ತಿಗೆ ಸರಿಯಾಗಿ ಹೋಗುತ್ತದೆ. ವರ್ಷದ ಅರ್ಧ ಮಳೆ ಮಂಜಿನಲ್ಲಿ ಮನೆಯೊಳಗೆ ಕೂತ ಜನ ಬೇಸಿಗೆ ಬಂದೊಡನೆ ಚಾದರ ಹಾಸಿಕೊಂಡು ಹುಲ್ಲಿನ ಮೇಲೆ ಉರುಳಿದರೆ ತಪ್ಪೇನಲ್ಲ. ನಾವು ಉರುಳುವುದು ಒದ್ದೆ ಮಾಡಿದ ಪರ್ಸಿಯ ಮೇಲೆ, ಕದ ಕಿಟಕಿ ಮುಚ್ಚಿ. ‘ಇಂಡಿಯನ್ ಸಮರ್’ ಎಂಬುದೊಂದಿದೆಯಲ್ಲ ಎಂದು ಮಗಳು ಆಸೆಯಿಂದ ಕೇಳಿದಳು. ಅದೂ ನಮ್ಮದಲ್ಲ. ಉತ್ತರ ಅಮೆರಿಕದಲ್ಲಿ ಚಳಿ ಶುರುವಾಗುವ ಮುಂಚೆ ನಾಲ್ಕು ದಿನ ಮತ್ತೆ ಬಿಸಿಲು ಕಾಯುತ್ತದಲ್ಲ, ಅದಕ್ಕೆ ಅಲ್ಲಿನವರು 18ನೇ ಶತಮಾನದಲ್ಲೇ ಇಟ್ಟುಕೊಂಡ ಹೆಸರು. ಅಲ್ಲಿಯ ಮೂಲನಿವಾಸಿಗಳ ‘ಇಂಡಿಯನ್’ ಅದು. ನಮ್ಮ ಹೆಸರಿನಲ್ಲಿರುವ ಬೇಸಿಗೆಯೂ ನಮಗಿಂತ ತಂಪು.

ಪ್ರಾಜೆಕ್ಟಿನ ಘನಕಾರ್ಯವೆಲ್ಲ ನಡೆದದ್ದು ಸೇಡಂನ ಮದುವೆಯಲ್ಲಿ. ನಮ್ಮ ಕಡೆ ಮದುವೆಗಳೆಲ್ಲ ಬೇಸಿಗೆಯಲ್ಲೇ. ಹೊಲದಲ್ಲಿ ಕೆಲಸವಿಲ್ಲ, ಶಾಲೆ ಇಲ್ಲ, ಊರ ತುಂಬ ಜನ. ಅಕ್ಷತೆ ಮಧ್ಯಾಹ್ನ ಹನ್ನೆರಡೂ ನಲವತ್ತಕ್ಕೆ. ಇಂಥ ಮುಹೂರ್ತ ತೆಗೆದುಕೊಡುವ ಜೋಯಿಸರು ಅಕ್ಷತೆ ಬಿದ್ದ ಕೂಡಲೇ ಮನೆಗೆ ಹೋಗಿ ಮಲಗುತ್ತಾರೆಂದು ನನ್ನ ಗುಮಾನಿ. ‘ಹಾಟ್ ಅಂಡರ್ ದ ಕಾಲರ್’ ಎಂಬುದಕ್ಕೆ ಫೋಟೋ ಬೇಕಿತ್ತು. ನಾನು ಟ್ರಂಕಿನಿಂದ ನನ್ನ ಮದುವೆಯ ಸೂಟು ತೆಗೆದೆ. ಅತ್ತೆಯ ಮನೆಯವರು ಕೊಡಿಸಿದ್ದು. ಉಣ್ಣೆ ಬೆರೆತ ಬಟ್ಟೆ, ಆಗಿನ ಹೊಟ್ಟೆಯ ಅಳತೆ. ಗುಂಡಿ ಹಾಕಿದ ಮೇಲೆ ಉಸಿರು ಬಿಡುವುದಕ್ಕೂ ಯೋಚಿಸಬೇಕು. ಕೊರಳಿಗೆ ಟೈ.

“ಹೊಂಟಿದ್ದು ಮದಿವಿಗೇನ್ರೀ, ಕಾಶ್ಮೀರಕ್ಕೇನು?” ಎಂದಳು ಹೆಂಡತಿ. ತವರಿನವರ ಸೂಟನ್ನು ಗೌರವಿಸುತ್ತಿದ್ದೇನೆ ಎಂದೆ. ಅದಕ್ಕೆ ಅವಳ ಹತ್ತಿರ ಉತ್ತರವಿರಲಿಲ್ಲ. ಇದ್ದಿದ್ದರೆ ನಾನು ಬದುಕುತ್ತಿದ್ದೆ.

ವಾಡಿಯಿಂದ ರೈಲು. ಚಿತ್ತಾಪುರ ದಾಟುವಷ್ಟರಲ್ಲಿ ಸೂಟಿನೊಳಗೆ ಹವಾಮಾನ ಬದಲಾಗಿತ್ತು. ಬುಟ್ಟಿ ಹೊತ್ತ ಹೆಣ್ಣುಮಗಳೊಬ್ಬಳು ಸೌತೆಕಾಯಿ ಮಾರುತ್ತ ಬಂದಳು. ಮಗಳು ಪಟ್ಟಿ ನೋಡಿ, “ಪಪ್ಪಾ, ಕೂಲ್ ಆ್ಯಜ್ ಎ ಕುಕುಂಬರ್!” ಎಂದಳು. ಎಂಥ ಸಂಕಟದಲ್ಲೂ ಕದಲದೆ ತಣ್ಣಗೆ ಇರುವವನಿಗೆ ಈ ಮಾತು. ನಾಲ್ಕು ಸೌತೆಕಾಯಿ ಕೊಂಡೆ. ಆದರೆ ನಮ್ಮ ರೈಲಿನ ಸೌತೆಕಾಯಿ ಇಂಗ್ಲಿಷ್ ಓದಿಲ್ಲ. ಅದನ್ನು ಉದ್ದಕ್ಕೆ ಸೀಳಿ, ನಡುವೆ ಉಪ್ಪು ತುಂಬಿ, ಉಪ್ಪಿನ ಮೇಲೆ ಕೆಂಪು ಖಾರಪುಡಿ ಒರೆಸಿ ಕೊಡುತ್ತಾರೆ. ಮೊದಲ ಕಡಿತಕ್ಕೇ ನನ್ನ ಕಣ್ಣು ಮೂಗು ಎರಡೂ ಹರಿಯತೊಡಗಿ, ಒರೆಸಲು ಕೈ ಸೂಟಿನ ತೋಳಿಗೆ ಹೋಯಿತು; ತೋಳು ಉಣ್ಣೆಯದು. ಮಗಳು ಫೋಟೋ ಹೊಡೆದಳು.

ಕಣ್ಣೀರಿನ ಮಧ್ಯೆ ಮಳಖೇಡ ರೋಡ್ ನಿಲ್ದಾಣ ಕಂಡಿತು. ಸೇಡಂ ತಾಲೂಕಿನ ಕಾಗಿಣಾ ದಂಡೆಯ ಈ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. 9ನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದಿಂದ ಬಂದ ‘ಕವಿರಾಜಮಾರ್ಗ’ದಲ್ಲಿ, ಒಂದು ಭಾಷೆಯ ಮಾತಿಗೆ ಇನ್ನೊಂದನ್ನು ವಿವೇಕವಿಲ್ಲದೆ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಕೆಡುತ್ತದೆ ಎಂಬ ಎಚ್ಚರಿಕೆ ಇದೆ. ಅಲ್ಲಿ ಹೇಳಿದ್ದು ಸಂಸ್ಕೃತ, ಕನ್ನಡದ ಸಮಾಸದ ಬಗ್ಗೆ. ಆದರೆ ಸೂಟು ಹಾಕಿಕೊಂಡು, ಖಾರದ ಸೌತೆಕಾಯಿ ಹಿಡಿದು, ಇಂಗ್ಲಿಷ್ ನುಡಿಗಟ್ಟು ಹೇಳುತ್ತ ಅದೇ ಊರನ್ನು ದಾಟುತ್ತಿದ್ದವನಿಗೆ ಅದು ತನಗೇ ಬರೆದ ನೋಟಿಸು ಅನಿಸಿತು. ಉತ್ತರಿಸಲು ಕಾಲಾವಕಾಶ ಕೇಳಿದ್ದೇನೆ.

ಸೇಡಂ ಮದುವೆ ಮಂಟಪದಲ್ಲಿ ಪಂಖಗಳಿದ್ದವು. ಬಿಸಿಗಾಳಿಯನ್ನು ಈ ಮೂಲೆಯಿಂದ ಆ ಮೂಲೆಗೆ ಸಾಗಿಸುವ ಕೆಲಸವನ್ನು ಅವು ಶ್ರದ್ಧೆಯಿಂದ ಮಾಡುತ್ತಿದ್ದವು. ಮಂದಿಯೆಲ್ಲ ಬಿಳಿ ಧೋತರ, ತೆಳು ಅಂಗಿ. ನಾನು ಮೂಲೆಯ ಕುರ್ಚಿಯಲ್ಲಿ ಗುಂಡಿ ಬಿಚ್ಚದೆ ಕೂತಿದ್ದೆ. ಬಿಚ್ಚಿದರೆ ಮತ್ತೆ ಹಾಕಲಾಗದೆಂಬ ಭಯ. ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಬಹಳ ಹೊತ್ತು ನನ್ನನ್ನೇ ನೋಡಿ, ಕಳಕಳಿಯಿಂದ ಹತ್ತಿರ ಬಗ್ಗಿ ಕೇಳಿದರು: “ಆರಾಮಿಲ್ಲೇನ್ರಿ? ಥಂಡಿ ಜ್ವರ ಬಂದಾವೇನು?” ಮೇ ತಿಂಗಳಲ್ಲಿ ಉಣ್ಣೆ ಹಾಕಿ ಬೆವರುತ್ತ ಕೂತವನ ಬಗ್ಗೆ ಬೇರೇನು ತಿಳಿಯಬೇಕು? ಅಲ್ಲ ಎನ್ನುವಷ್ಟರಲ್ಲಿ ಸುದ್ದಿ ಅಡುಗೆಮನೆಗೆ ಮುಟ್ಟಿತ್ತು. ಎಲ್ಲರಿಗೂ ಹುಗ್ಗಿ, ಬದನಿಕಾಯಿ ಪಲ್ಯ, ಭಜಿ. ಅಳಿಯಂದಿರಿಗೆ ಆರಾಮಿಲ್ಲವೆಂದು ನನ್ನ ಎಲೆಗೆ ಗಂಜಿ, ಮೇಲೆ ಬಿಸಿ ಶುಂಠಿ ಕಷಾಯ.

ಅತ್ತೆ, ಮಾವ, ಸೋದರಮಾವಂದಿರು ಸರದಿಯ ಮೇಲೆ ಬಂದು ಹಣೆ ಮುಟ್ಟಿ ನೋಡಿದರು. ಆ ಬಿಸಿಲಿಗೆ ಯಾರ ಹಣೆ ಸುಡುವುದಿಲ್ಲ? “ಕಾದಾದ ಕಾದಾದ” ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಹೆಂಡತಿ ಎಲ್ಲ ತಿಳಿದಿದ್ದೂ, “ಹೌದ್ರೀ, ರಾತ್ರಿಯಿಂದ ಹಂಗೇ ಅದಾರ, ಕಷಾಯ ಇನ್ನೊಂದಿಷ್ಟು ಕೊಡ್ರಿ” ಎಂದಳು. ಕೊನೆಗೆ ಬೀಗರಿಗೆ ಟಾವೆಲ್ ಟೊಪ್ಪಿಗಿ ಕೊಡುವ ಹೊತ್ತಿಗೆ ನನ್ನ ಹೆಸರನ್ನೂ ಕೂಗಿದರು. ಅಲ್ಲಿಯವರೆಗೆ ಟಾವೆಲ್ ಟೊಪ್ಪಿಗಿ ಎಂದರೆ ಹಳೇ ಪದ್ಧತಿ ಎಂದು ಭಾಷಣ ಮಾಡುತ್ತಿದ್ದವನು ನಾನೇ. ಆ ಟಾವೆಲ್ಲನ್ನು ನೀರಲ್ಲಿ ಅದ್ದಿ, ಸೂಟು ಕಳಚಿ, ಹೆಗಲ ಮೇಲೆ ಹಾಕಿಕೊಂಡಾಗ ಆದ ಸುಖವನ್ನು ಹೇಳುವ ನುಡಿಗಟ್ಟು ಪಟ್ಟಿಯಲ್ಲಿ ಇರಲಿಲ್ಲ.

ಉಳಿದದ್ದು ‘ಡಾಗ್ ಡೇಸ್’. ಬೇಸಿಗೆಯ ಅತಿ ಉರಿಯ ದಿನಗಳಿಗೆ ಈ ಹೆಸರು. ನಾಯಿಗಳು ನಾಲಗೆ ಚಾಚಿ ಬಿದ್ದಿರುವುದರಿಂದ ಬಂದದ್ದೆಂದು ಬಹಳ ಜನ ತಿಳಿದಿದ್ದಾರೆ; ಅಲ್ಲ. ನಾವು ಲುಬ್ಧಕ ಎನ್ನುವ ನಕ್ಷತ್ರ ಪಶ್ಚಿಮದವರಿಗೆ ನಾಯಿ ನಕ್ಷತ್ರ. ಅದು ಸೂರ್ಯನ ಜೊತೆ ಹುಟ್ಟುವ ಕಾಲದಲ್ಲಿ ಎರಡರ ಕಾವು ಕೂಡಿ ಭೂಮಿ ಬೇಯುತ್ತದೆ ಎಂದು ಹಳೇ ರೋಮಿನವರು ನಂಬಿದ್ದರು. ಇದನ್ನೆಲ್ಲ ಮಗಳಿಗೆ ಕೂಲರಿನ ಮುಂದೆ ಕೂತು ವಿವರಿಸುತ್ತಿದ್ದೆ.

ನಮ್ಮ ಕೂಲರಿನ ಬಗ್ಗೆ ಒಂದು ಮಾತು. ಗಾಳಿ ಒಣಗಿದ್ದಷ್ಟೂ ನೀರು ಬೇಗ ಆರುತ್ತದೆ, ಆರುತ್ತ ಕಾವು ಹೀರುತ್ತದೆ. ಅದಕ್ಕೇ ಗಡಗಿಯ ನೀರು ತಣ್ಣಗೆ, ಅದಕ್ಕೇ ನಮ್ಮಲ್ಲಿ ಕೂಲರಿಗೆ ಬೆಲೆ. ಮಂಗಳೂರಿನ ಕಡೆಯ ತೇವದ ಗಾಳಿಯಲ್ಲಿ ಇದೇ ಪೆಟ್ಟಿಗೆ ಬರೀ ಸದ್ದು ಮಾಡುತ್ತದೆ. ನಮ್ಮದು ಎರಡನ್ನೂ ಮಾಡುತ್ತದೆ, ಜೊತೆಗೆ ಸೋರುತ್ತದೆ. ಸೋರಿದ ನೀರು ಪಡಸಾಲೆಯ ಪರ್ಸಿಯ ಮೇಲೆ ಹರಿದು ಹೊಸ್ತಿಲ ಬಳಿ ನಿಲ್ಲುತ್ತದೆ. ಇಡೀ ಓಣಿಯಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಅಷ್ಟು ತಂಪಾದ ಜಾಗ ಇನ್ನೊಂದಿಲ್ಲ. ಅದನ್ನು ಕಂಡುಹಿಡಿದದ್ದು ನಾನಲ್ಲ, ಓಣಿಯ ಕಂದು ನಾಯಿ. ನಾನು ಕಚೇರಿಯಿಂದ ಬರುವಷ್ಟರಲ್ಲಿ ಅದು ಅಲ್ಲಿ ಕಾಲು ಚಾಚಿ ಮಲಗಿರುತ್ತದೆ. ಕೋಲು ತೋರಿಸಿದೆ, ಗದರಿದೆ, ಇಂಗ್ಲಿಷಿನಲ್ಲಿ ಗದರಿದೆ. ಅದು ಒಂದು ಕಣ್ಣು ತೆರೆದು ಮುಚ್ಚಿತು.

ಆ ದಿನ ಮೂರಕ್ಕೆ ಕರೆಂಟು ಹೋಯಿತು. ಕೂಲರು ನಿಂತಿತು. ಮನೆಯೊಳಗೆ ಉಳಿದ ತಂಪೆಂದರೆ ಹೊಸ್ತಿಲ ಬಳಿಯ ಆ ಒದ್ದೆ ಕಲ್ಲು ಮಾತ್ರ. ನಾನು ಅತ್ತಿತ್ತ ನೋಡಿ, ಬನಿಯನ್ನಿನಲ್ಲೇ ನಾಯಿಯ ಪಕ್ಕ ಉದ್ದಕ್ಕೆ ಮಲಗಿದೆ. ಅದು ದೊಡ್ಡ ಮನಸ್ಸು ಮಾಡಿ ಸ್ವಲ್ಪ ಸರಿಯಿತು. ಎದ್ದು ನೋಡಿದಾಗ ಸಂಜೆಯಾಗಿತ್ತು, ನಾಯಿ ಹೋಗಿತ್ತು, ಪ್ರಾಜೆಕ್ಟಿನ ಕೊನೆಯ ಪುಟ ಭರ್ತಿಯಾಗಿತ್ತು.

ಜೂನಿನಲ್ಲಿ ಶಾಲೆ ಶುರುವಾದ ಮೇಲೆ ಪ್ರಾಜೆಕ್ಟಿಗೆ ‘ಎಕ್ಸಲೆಂಟ್’ ಬಂತು. ‘ಡಾಗ್ ಡೇಸ್’ ಪುಟದ ಫೋಟೋವನ್ನು ಶಾಲೆಯ ಗೋಡೆಗೆ ಅಂಟಿಸಿದ್ದಾರೆ. ಪಾಲಕರ ಸಭೆಗೆ ಹೋದಾಗ ಇಬ್ಬರು ತಾಯಂದಿರು ನನ್ನನ್ನು ಗುರುತಿಸಿ ನಕ್ಕರು, ಒಬ್ಬರು ನಾಯಿ ಹೇಗಿದೆ ಎಂದು ವಿಚಾರಿಸಿದರು. ಟೀಚರಮ್ಮ ಮುಂದಿನ ವರ್ಷದ ವಿಷಯವನ್ನೂ ಹೇಳಿದರು: ‘ವಿಂಟರ್ ಈಡಿಯಮ್ಸ್’. ಅದನ್ನೂ ಬೇಸಿಗೆ ರಜೆಯಲ್ಲೇ ಮಾಡಬೇಕಂತೆ. ಐಸು ಒಡೆಯಬೇಕು, ಹಿಮದ ಗುಡ್ಡದ ತುದಿ ತೋರಿಸಬೇಕು. ಅವ್ವ ಈಗಲೇ ತಂಗಿಯ ಮನೆಗೆ ಹೋಗಿ ಇರುವ ಮಾತಾಡುತ್ತಿದ್ದಾಳೆ.

ನನ್ನ ಸೂಟು ಮತ್ತೆ ಟ್ರಂಕಿಗೆ ಹೋಗಿದೆ. ಸಣ್ಣ ಹೊಟ್ಟೆಯವರು, ಊಟಿಯಲ್ಲೋ ಮಡಿಕೇರಿಯಲ್ಲೋ ಮದುವೆ ಇದ್ದವರು ಬೇಕಾದರೆ ಒಯ್ಯಬಹುದು. ಬರುವ ಬೇಸಿಗೆಯಲ್ಲಿ ಸೇಡಂ, ಚಿತ್ತಾಪುರ, ಶಹಾಬಾದಿನ ಕಡೆ ಮದುವೆಗೆ ಬರುವ ಓದುಗರಲ್ಲಿ ಮಾತ್ರ ಒಂದೇ ವಿನಂತಿ: ತೆಳು ಅಂಗಿಯಲ್ಲಿ ಬನ್ನಿ, ಉಳಿದದ್ದೇನೂ ತರಬೇಡಿ. ಟಾವೆಲ್ಲು ನಾವೇ ಕೊಡುತ್ತೇವೆ.